ಚಿಕ್ಕ ಸದ್ದಿಗೆ ಏಳಬೇಡ

ಫೆಬ್ರವರಿ 3, ಸೋಮವಾರ

ಪ್ರೀತಿಯ ಬಿಚ್ಚಪ್ಪನಿಗೆ, ಅಕ್ಕನ ಆಶೀರ್ವಾದ.

ರಿಪೇರಿ ಅಂಗಡಿಯ ಬೋರ್ಡಿನಲ್ಲಿ ನೀನು ಏನೇ ಹೆಸರು ಬರೆಸಿಕೊಂಡಿರು, ನನಗೆ ನೀನು ಬಿಚ್ಚಪ್ಪನೇ. ಗಡಿಯಾರ, ರೇಡಿಯೋ, ಅಪ್ಪನ ಕನ್ನಡಕ, ಯಾವುದನ್ನೂ ಬಿಚ್ಚದೆ ಬಿಟ್ಟವನಲ್ಲ. ಆಗ ಬೈಯುತ್ತಿದ್ದೆ. ಈಗ ಆ ವಿದ್ಯೆಯೇ ನನಗೆ ಬೇಕಾಗಿದೆ.

ನಿನ್ನ ಭಾವನನ್ನು ಆಸ್ಪತ್ರೆಯಿಂದ ಮನೆಗೆ ತಂದು ಹತ್ತು ದಿನವಾಯಿತು. ಎಡಗೈ, ಎಡಗಾಲು ಅಲ್ಲಾಡುವುದಿಲ್ಲ. ಬಲಗೈ ಚೆನ್ನಾಗಿದೆ, ತಾವೇ ಚಮಚ ಹಿಡಿದು ಉಣ್ಣುತ್ತಾರೆ. ಮಾತು ಬರುತ್ತದೆ, ಆದರೆ ದನಿಯಿಲ್ಲ. ಪಕ್ಕದಲ್ಲಿ ಕೂತರೆ ಮಾತ್ರ ಕೇಳುತ್ತದೆ. ಅವರು ಹಿಂದಿನ ಕೋಣೆಯಲ್ಲಿ, ನಾನು ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮೆಷಿನ್ ಮುಂದೆ. ಮೆಷಿನ್ ತುಳಿಯುವಾಗ ಅವರು ಕರೆದದ್ದು ಕೇಳುವುದಿಲ್ಲ. ಕರೆದಿರಬಹುದೇನೋ ಎಂದು ಐದು ನಿಮಿಷಕ್ಕೊಮ್ಮೆ ಎದ್ದು ಓಡುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗಾಗಿದೆ. ನಿನ್ನೆ ಹಾಗೆ ಏಳುವ ಗಡಿಬಿಡಿಯಲ್ಲಿ ಸೂಜಿ ಬೆರಳಿಗೆ ಹೊಕ್ಕಿತು. ಮೆಷಿನ್ನನ್ನೇ ಒಳಗೆ ಸರಿಸೋಣವೆಂದರೆ, ಮಂಚ ಹಾಕಿದ ಮೇಲೆ ಆ ಕೋಣೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆಯಬೇಕು.

ಸ್ಟೀಲ್ ಲೋಟ, ಚಮಚ ಕೊಟ್ಟು ಬಡಿಯಿರಿ ಎಂದೆ. "ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದೋನು ನಾನು. ಬೆಲ್ ಆದ್ರೆ ಹೋಗಿ ಗೊತ್ತು. ಲೋಟ ಬಡಿದು ಗೊತ್ತಿಲ್ಲ," ಅಂದರು. ಅವರ ಗತ್ತು ನಿನಗೆ ಗೊತ್ತಲ್ಲ.

ಅವರ ಕೈಗೆ ಸಿಗುವಂತೆ ಒಂದು ಸ್ವಿಚ್ಚು, ನನ್ನ ಮೆಷಿನ್ ಹತ್ತಿರ ಅದರ ಸದ್ದು. ತಂತಿ ಎಳೆಯುವ ರಗಳೆ ಬೇಡ. ಆಗುತ್ತದೆಯೇ, ಬರೆ. ಫೋನ್ ಮಾಡಬೇಡ. ಫೋನ್ ಇರುವುದು ಅವರ ತಲೆದಿಂಬಿನ ಪಕ್ಕ. ನಾನಾಡುವ ಒಂದೊಂದು ಪದವನ್ನೂ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡು, ಆಮೇಲೆ "ನನ್ನ ಬಗ್ಗೆ ಏನ್ ಹೇಳ್ದೆ?" ಎಂದು ವಿಚಾರಣೆ ಶುರು ಮಾಡುತ್ತಾರೆ.

ನಿನ್ನ ಅಕ್ಕ


ಫೆಬ್ರವರಿ 11

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದ ದಿನವೇ ಬೇರೆಲ್ಲ ಕೆಲಸ ಬದಿಗಿಟ್ಟು ಕೂತೆ. ಪಾರ್ಸೆಲ್ಲಿನಲ್ಲಿ ಎರಡು ವಸ್ತುಗಳಿವೆ. ಬೆಂಕಿಪೊಟ್ಟಣದಷ್ಟಿರುವುದು ಸ್ವಿಚ್ಚು, ಅದು ಭಾವನ ಕೈಗೆ. ಸೋಪಿನ ಡಬ್ಬಿಯಷ್ಟಿರುವುದು ಸದ್ದು ಮಾಡುತ್ತದೆ, ಅದು ನಿನ್ನ ಹತ್ತಿರ. ನಡುವೆ ತಂತಿಯಿಲ್ಲ. ಸೆಲ್ಲುಗಳನ್ನು ಒಳಗೆ ಬರೆದಿರುವ ಗುರುತು ನೋಡಿಯೇ ಹಾಕು, ತಿರುಗುಮುರುಗು ಹಾಕಿ ಬೆಲ್ ಕೆಟ್ಟಿದೆ ಎಂದು ನನ್ನನ್ನು ಬೈಯಬೇಡ.

ಅಂಗಡಿಯಲ್ಲಿ ಸಿಗುವ ಬೆಲ್ಲುಗಳು ಒಮ್ಮೆ ಮುಟ್ಟಿದರೆ ಹಾಡು ಪೂರ್ತಿ ಹಾಡಿಯೇ ಬಿಡುತ್ತವೆ. ದಿನಕ್ಕೆ ಇಪ್ಪತ್ತು ಸಲ ಅದನ್ನು ಕೇಳಿದರೆ ನೀನು ಬೆಲ್ಲನ್ನೂ ಕಳಿಸಿದವನನ್ನೂ ಬೀದಿಗೆಸೆಯುತ್ತೀಯ. ಅದಕ್ಕೇ ಹಾಡು ಕಿತ್ತುಹಾಕಿದ್ದೇನೆ. ಒತ್ತಿ ಹಿಡಿದಷ್ಟು ಹೊತ್ತು ಕಿರ್ರೆನ್ನುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಇದು ಪೂರ್ತಿ ನನ್ನ ತಲೆ. ಸ್ವಿಚ್ಚೂ ಗಟ್ಟಿಮುಟ್ಟಾದದ್ದು, ಮಂಚದಿಂದ ಬಿದ್ದರೂ ಜಗ್ಗುವುದಿಲ್ಲ.

ಅಕ್ಕಾ, ಒಂದು ಮಾತು. ನಿನ್ನೊಬ್ಬಳಿಂದ ಆಗುತ್ತಿಲ್ಲ ಎಂದರೆ ಹೂಂ ಅನ್ನು. ಅಂಗಡಿಗೆ ಬೀಗ ಹಾಕಿ ಮಾರನೆಯ ದಿನವೇ ಹೊರಡುತ್ತೇನೆ.

ನಿನ್ನ ತಮ್ಮ


ಫೆಬ್ರವರಿ 20

ಬಿಚ್ಚಪ್ಪನಿಗೆ,

ನಿನ್ನ ಬೆಲ್ ನಮ್ಮ ಮನೆಯ ರಾಜನಾಗಿದೆ. ಮೊದಲ ಸಲ ಕಿರ್ರ್ ಎಂದಾಗ ನಾನು ಬಾಗಿಲಲ್ಲಿ ಹೋಗಿ ನಿಂತು, "ಯಾವ ಮಹಡಿ ಸ್ವಾಮಿ?" ಎಂದೆ. "ಮೇಲಕ್ಕೆ ಈಗ್ಲೇ ಬೇಡ. ಸದ್ಯಕ್ಕೆ ಇಲ್ಲೇ ನಿಲ್ಸು," ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ನಾವಿಬ್ಬರೂ ನಕ್ಕದ್ದು ಅವತ್ತೇ. ಈಗ ದಿನಾ ಅದೇ ಆಟ. ನೀರು ಬೇಕಾದರೆ ಒಂದನೇ ಮಹಡಿ, ಮಗ್ಗುಲು ತಿರುಗಿಸಬೇಕಾದರೆ ಎರಡನೇ ಮಹಡಿ.

ಆದರೆ ಮೂರು ದಿನದಿಂದ ಒಮ್ಮೊಮ್ಮೆ ಅವರು ಒತ್ತಿದರೂ ಸದ್ದು ಬರುವುದಿಲ್ಲ. ಒಂದು ಸಲ ಅರ್ಧ ಗಂಟೆ ಒದ್ದೆ ಬಟ್ಟೆಯಲ್ಲೇ ಇದ್ದರು ಪಾಪ. ಸೆಲ್ಲು ಹೊಸದೇ. ನಾನೇನು ತಪ್ಪು ಮಾಡಿದೆ?

ನೀನು ಬರುವುದು ಬೇಡ. ಎರಡು ಸಲ ಮುಚ್ಚಿ ಮೂರನೇ ಸಲ ತೆರೆದ ಅಂಗಡಿ ಅದು. ಮತ್ತೆ ಬೀಗ ಬಿದ್ದರೆ ಗಿರಾಕಿಗಳು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾರೆ. ಇಲ್ಲಿ ಎಲ್ಲವೂ ಸರಿಯಿದೆ.

ಅಕ್ಕ


ಫೆಬ್ರವರಿ 28

ಅಕ್ಕಾ,

ನೀನು ಡಬ್ಬಿಯನ್ನು ಎಲ್ಲಿಟ್ಟಿದ್ದೀಯ ಎಂದು ಇಲ್ಲಿಂದಲೇ ಹೇಳುತ್ತೇನೆ. ಮೆಷಿನ್ನಿನ ಕೆಳಗಿನ ಹಲಗೆಯ ಮೇಲೆ, ಬಟ್ಟೆ ರಾಶಿಯ ಹಿಂದೆ. ಅಲ್ಲವೇ? ನಿನಗೂ ಭಾವನಿಗೂ ನಡುವೆ ಆ ದೊಡ್ಡ ಕಬ್ಬಿಣದ ಬೀರು ಇದೆ. ಇಂಥ ಬೆಲ್ಲುಗಳಿಗೆ ಕಬ್ಬಿಣ ಎಂದರೆ ಆಗುವುದಿಲ್ಲ, ಗೋಡೆಯನ್ನಾದರೂ ದಾಟುತ್ತವೆ, ಬೀರು ದಾಟುವುದಿಲ್ಲ. ಬಾಗಿಲ ಪಕ್ಕದ ಗೋಡೆಗೆ, ನಿನ್ನ ತಲೆಗಿಂತ ಎತ್ತರದಲ್ಲಿ ಮೊಳೆ ಹೊಡೆದು ಡಬ್ಬಿ ತೂಗುಹಾಕು. ಸೆಲ್ಲಿನ ಎರಡೂ ತುದಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜು. ಆಮೇಲೂ ಸದ್ದು ಬರದಿದ್ದರೆ ನನ್ನ ಕಿವಿ ಹಿಂಡು.

ತಮ್ಮ


ಮಾರ್ಚ್ 19, ಬುಧವಾರ

ಬಿಚ್ಚಪ್ಪ,

ನಿನ್ನ ಕಿವಿ ಉಳಿಯಿತು. ಡಬ್ಬಿಯನ್ನು ಗೋಡೆಗೆ ಏರಿಸಿದ ಮೇಲೆ ಒಂದು ಸಲವೂ ಕೈಕೊಟ್ಟಿಲ್ಲ. ನಿನ್ನ ಭಾವ ದಿನದಿನಕ್ಕೂ ಗುಣವಾಗುತ್ತಿದ್ದಾರೆ. ಮುಖದಲ್ಲಿ ಕಳೆ ಬಂದಿದೆ. ಊಟ ನಾನೇ ತಿನ್ನಿಸುತ್ತೇನೆ. ಅವರಿಗೆ ಆಗದೆ ಅಲ್ಲ, ಬೇಗ ಮುಗಿಯಲಿ ಎಂದು.

ಈಗ ಹೊಸ ತೊಂದರೆ. ಬೆಲ್ ತಾನಾಗಿಯೇ ಸದ್ದು ಮಾಡುತ್ತಿದೆ. ಅವರು ಒತ್ತುವ ಹಾಗೆ ಉದ್ದಕ್ಕೆ ಅಲ್ಲ. 'ಕಿರ್' ಎಂದು ನಿಂತುಬಿಡುತ್ತದೆ, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಎದ್ದು ಓಡುತ್ತೇನೆ. "ಕರೆದ್ರಾ?" ಎನ್ನುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ, ಕೈಯಲ್ಲಿರುವ ಅರ್ಧ ಹೊಲಿದ ಬಟ್ಟೆ ನೋಡುತ್ತಾರೆ. "ಇಲ್ವಲ್ಲ. ನಾನ್ಯಾಕೆ ಕರೀಲಿ? ಹೋಗು, ಕೆಲ್ಸ ನೋಡು," ಅನ್ನುತ್ತಾರೆ. ನಿನ್ನೆ ಮಧ್ಯಾಹ್ನ ಹೀಗೆ ಎಂಟು ಸಲ. ಒಂದು ಕಾಲರನ್ನು ಮೂರು ಸಲ ಬಿಚ್ಚಿ ಹೊಲಿದೆ. ಕೊನೆಗೆ ಸಿಟ್ಟು ಬಂದು ಡಬ್ಬಿಗೆ ಒಂದೇಟು ಕೊಟ್ಟೆ.

ಎದುರು ಮನೆಯ ಕೆಳಗಿನ ಭಾಗಕ್ಕೆ ಒಬ್ಬರು ದಂತವೈದ್ಯರು ಬಂದಿದ್ದಾರೆ. ಬಾಗಿಲಿಗೆ ಬೆಲ್ ಹಾಕಿಸಿದ್ದಾರೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಅಕ್ಕ


ಮಾರ್ಚ್ 27

ಅಕ್ಕಾ,

ಸಿಕ್ಕಿದ ಕಳ್ಳ! ಕಾಗದದ ಕೊನೆಯ ಎರಡು ಸಾಲು ಓದಿ ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ಹೊಡೆದೆ. ದಂತವೈದ್ಯರೇ ನಿನ್ನ ಮನೆಯ ದೆವ್ವ. ಇಂಥ ಬೆಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಭಾಷೆ ಆಡುತ್ತವೆ. ಅಲ್ಲಿ ಹಲ್ಲುನೋವಿನವನು ಬೆಲ್ ಒತ್ತಿದರೆ ಇಲ್ಲಿ ನಿನ್ನ ಡಬ್ಬಿ ಅರ್ಧಂಬರ್ಧ ಕೇಳಿಸಿಕೊಂಡು ಕಿರ್ ಎನ್ನುತ್ತದೆ. ದೂರದ ಸದ್ದಾದ್ದರಿಂದಲೇ ಅದು ಗಿಡ್ಡ. ಭಾವನೇ "ನಾನು ಒತ್ತಿಲ್ಲ" ಎನ್ನುತ್ತಿರುವಾಗ ಇನ್ನೇನು ಸಾಕ್ಷಿ ಬೇಕು?

ಸ್ವಿಚ್ಚಿನ ಹಿಂದೆ ಒಂದು ಪುಟ್ಟ ಸ್ಕ್ರೂ ಇದೆ. ಬಿಚ್ಚಿದರೆ ಒಳಗೆ ನಾಲ್ಕು ಸಣ್ಣ ಕಡ್ಡಿಗಳು ಕಾಣುತ್ತವೆ. ಒಂದನ್ನು ಕಿತ್ತು ಪಕ್ಕದ ತೂತಿಗೆ ಹಾಕಿದರೆ, ಡಬ್ಬಿಯಲ್ಲೂ ಹಾಗೆಯೇ ಮಾಡಿದರೆ, ನಿಮ್ಮಿಬ್ಬರ ಭಾಷೆ ಬೇರೆಯಾಗುತ್ತದೆ. ಧೈರ್ಯವಿದ್ದರೆ ಮಾಡು. ಇಲ್ಲದಿದ್ದರೆ ನಾನು ಬಂದಾಗ ಮಾಡುತ್ತೇನೆ.

ಅಲ್ಲಿಯವರೆಗೆ ಒಂದೇ ನಿಯಮ. ಭಾವನಿಗೆ ಹೇಳು, ಒತ್ತಿ, ಒಂದು ಎರಡು ಮೂರು ಎಂದು ಎಣಿಸಿ ಆಮೇಲೆ ಬಿಡಲಿ. ಉದ್ದ ಸದ್ದು ಬಂದರೆ ಅದು ಭಾವ, ಏಳು. ಚಿಕ್ಕ ಸದ್ದು ಬಂದರೆ ಅದು ಯಾರದೋ ಹಲ್ಲು. ಚಿಕ್ಕ ಸದ್ದಿಗೆ ಏಳಬೇಡ. ಎಷ್ಟು ಸಲ ಆದರೂ ಏಳಬೇಡ. ಇದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಕೆಳಗೆ ಅಂಟಿಸು, ಏಕೆಂದರೆ ನೀನು ಮನಸ್ಸು ತಡೆಯದೆ ಎದ್ದೇ ಏಳುತ್ತೀಯ.

ಭಾವನ ಬಲಗೈ ಸರಿಯಾಗಿದೆ ತಾನೆ? ಅದೊಂದು ಖಚಿತ ಮಾಡಿ ಬರೆ.

ತಮ್ಮ


ಏಪ್ರಿಲ್ 8

ಬಿಚ್ಚಪ್ಪ,

ಬಲಗೈ ಸರಿಯಾಗಿದೆ. ಅದರ ಚಿಂತೆ ಬೇಡ.

ನಿನ್ನ ನಿಯಮ ಹೇಳಿದಾಗ ಅವರಿಗೆ ಸ್ವಲ್ಪ ಬೇಸರವಾಯಿತು. "ಬೆಲ್ ಒತ್ತಿ ಹಿಡ್ಕೊಳ್ಳೋರನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ. ಒಂದ್ಸಲ ಮುಟ್ಟಿದ್ರೆ ಸಾಕು, ಬರೋನು ಬರ್ತಾನೆ," ಅಂದರು. ಹಾಗೆಲ್ಲ ಆಗುವುದಿಲ್ಲ, ತಮ್ಮ ಹೇಳಿದ್ದಾನೆ ಎಂದೆ. "ಆಯ್ತು, ನೋಡೋಣ," ಅಂದರು.

ನನಗಂತೂ ಜೀವ ಬಂದ ಹಾಗಾಗಿದೆ. ಒಂದು ಶಾಲೆಯ ಸಮವಸ್ತ್ರ ಒಪ್ಪಿಕೊಂಡಿದ್ದೇನೆ, ಎಂಬತ್ತು ಜೊತೆ. ಮೊದಲೆರಡು ದಿನ ಚಿಕ್ಕ ಸದ್ದಾದಾಗ ಕಾಲು ತಾನಾಗಿ ಎದ್ದೇಳುತ್ತಿತ್ತು. ಚೀಟಿ ನೋಡಿ ಕೂತುಕೊಳ್ಳುತ್ತಿದ್ದೆ. ಈಗ ರೂಢಿಯಾಗಿದೆ, ಬೀದಿಯ ಗಾಡಿ ಸದ್ದಿನ ಹಾಗೆ. ದಂತವೈದ್ಯರಿಗೆ ಒಳ್ಳೆ ವ್ಯಾಪಾರ. ಉದ್ದ ಸದ್ದು ಅಪರೂಪವಾಗಿದೆ, ಅವರು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ. ನಾನೇ ಗಂಟೆಗೊಮ್ಮೆ ಹೋಗಿ ನೋಡಿ ಬರುತ್ತೇನೆ.

ಆ ಸ್ಕ್ರೂ ಬಿಚ್ಚಲು ನನ್ನ ಹತ್ತಿರ ಅಷ್ಟು ಸಣ್ಣ ತಿರುಪುಳಿ ಇಲ್ಲ. ಕತ್ತರಿ ತುದಿಯಿಂದ ನೋಡಿದೆ, ಆಗಲಿಲ್ಲ. ಇರಲಿ, ನಿಯಮವೇ ಸಾಕು.

ಅಕ್ಕ


ಏಪ್ರಿಲ್ 16

ಅಕ್ಕಾ,

ನಿನ್ನ ಕಾಗದ ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಿನ್ನೆ ಒಬ್ಬ ಗಿರಾಕಿ, ತಾನಾಗಿಯೇ ಉರಿಯುವ ದೀಪ ತಂದು ದೆವ್ವದ ಕಾಟ ಎಂದು ಗೋಳಾಡುತ್ತಿದ್ದ. ಅವನಿಗೆ ನಿನ್ನ ಬೆಲ್ಲಿನ ಕಥೆ ಹೇಳಿದೆ. ಯಂತ್ರ ಎಂದೂ ಸುಳ್ಳು ಹೇಳುವುದಿಲ್ಲ ಸ್ವಾಮಿ, ನಾವು ಕೇಳಿಸಿಕೊಳ್ಳುವುದು ಸರಿಯಿರಬೇಕು ಎಂದೆ. ಅವನು ನನ್ನನ್ನು ದೊಡ್ಡ ಜ್ಞಾನಿಯ ಹಾಗೆ ನೋಡಿದ. ಜಂಭ ಸ್ವಲ್ಪ ಏರಿದೆ, ಹೊಟ್ಟೆಗೆ ಹಾಕಿಕೋ.

ಜೂನ್‌ನಲ್ಲಿ ಒಂದು ವಾರ ಬರುತ್ತೇನೆ. ಭಾವನಿಗೆ ಹೇಳು.

ತಮ್ಮ


ಮೇ 22

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಎರಡು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಸಮವಸ್ತ್ರದ ಗಡಿಬಿಡಿ ಇರಬಹುದು ಎಂದುಕೊಂಡೆ. ಭಾವ ಹೇಗಿದ್ದಾರೆ? ಬೆಲ್ ಹೇಗಿದೆ? ಎರಡೇ ಸಾಲು ಬರೆ, ಸಾಕು.

ತಮ್ಮ


ಮೇ 30

ತಮ್ಮನಿಗೆ,

ಬೆಲ್ ಚೆನ್ನಾಗಿದೆ. ಹದಿನಾರು ದಿನದಿಂದ ಒಂದು ಸಲವೂ ತಪ್ಪು ಸದ್ದು ಮಾಡಿಲ್ಲ.

ಅಕ್ಕ


ಜೂನ್ 6

ಅಕ್ಕಾ,

ಒಂದೇ ಸಾಲಾದರೂ ಎಂಥ ಸಾಲು! ನಾನು ಹೇಳಿರಲಿಲ್ಲವೇ? ದಂತವೈದ್ಯರು ಬೆಲ್ ಬದಲಾಯಿಸಿರಬೇಕು, ಇಲ್ಲವೇ ಅಂಗಡಿ ಎತ್ತಿರಬೇಕು. ಇನ್ನು ಆ ಚೀಟಿ ಹರಿದುಹಾಕು.

ಇಪ್ಪತ್ತೈದನೆಯ ತಾರೀಕು ಹೊರಡುತ್ತೇನೆ. ಭಾವನಿಗೆಂದು ಒಂದು ಹಳೆಯ ರೇಡಿಯೋ ಸರಿಮಾಡಿ ಇಟ್ಟಿದ್ದೇನೆ. ಮಲಗಿದಲ್ಲಿಂದಲೇ ಒಂದೇ ಕೈಯಲ್ಲಿ ತಿರುಗಿಸಬಹುದು, ಅಷ್ಟು ದೊಡ್ಡ ತಿರುಗುಣಿ ಹಾಕಿದ್ದೇನೆ. ಅವರಿಗೆ ಮೊದಲೇ ಹೇಳಬೇಡ.

ತಮ್ಮ


ಜೂನ್ 13, ಶುಕ್ರವಾರ

ತಮ್ಮಾ,

ರೇಡಿಯೋ ತರಬೇಡ. ಕೇಳುವವರಿಲ್ಲ.

ನಿನ್ನ ಭಾವ ಹೋಗಿ ಇವತ್ತಿಗೆ ಮೂವತ್ತು ದಿನ. ನಿನಗೆ ತಿಳಿಸದೆ ಎಲ್ಲ ಮುಗಿಸಿದೆ. ಫೋನ್ ಹೊಡೆದುಕೊಂಡಾಗ ನೀನೇ ಎಂದು ಗೊತ್ತಿತ್ತು. ಎತ್ತಿದರೆ ಹೋದರು ಎನ್ನಬೇಕು, ಹೋದರು ಎಂದರೆ ಹೇಗೆ ಎಂದು ನೀನು ಕೇಳುತ್ತೀಯ. ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಬರೆಯಲೂ ಆಗುತ್ತಿಲ್ಲ, ಆದರೆ ಬರೆಯದಿದ್ದರೆ ನೀನು ರೇಡಿಯೋ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತೀಯ.

ಮೊದಲು ನನ್ನ ಸುಳ್ಳು. ಅವರ ಬಲಗೈ ಮಾರ್ಚ್ ಮೊದಲ ವಾರದಿಂದಲೇ ಸೋಲುತ್ತಾ ಬಂದಿತ್ತು. ಚಮಚ ಹಿಡಿಯಲು ಆಗುತ್ತಿರಲಿಲ್ಲ. ನಿನಗೆ ಬರೆಯುತ್ತೇನೆ ಎಂದಾಗ, "ಬೇಡ. ಅಂಗಡಿ ಮುಚ್ಚಿ ಓಡಿ ಬರ್ತಾನೆ. ನನ್ನನ್ನ ಹೀಗೆ ಅವ್ನು ನೋಡೋದೂ ಬೇಡ," ಅಂದರು. ಅದಕ್ಕೆ ಸರಿಯಾಗಿದೆ ಎಂದು ಬರೆದೆ. ನೀನು ಖಚಿತ ಮಾಡು ಎಂದು ಕೇಳಿದಾಗಲೂ, ಒಂದು ಗುಂಡಿ ಒತ್ತಿ ಹಿಡಿಯಲು ಎಷ್ಟು ಬಲ ಬೇಕು ಎಂದುಕೊಂಡು ಅದನ್ನೇ ಬರೆದೆ.

ಮೇ ಹದಿನಾಲ್ಕು. ಕೊನೆಯ ಹನ್ನೆರಡು ಅಂಗಿಗಳನ್ನು ಐದು ಗಂಟೆಗೆ ಶಾಲೆಯವರು ಒಯ್ಯುವುದಿತ್ತು. ಎರಡೂವರೆಗೆ ಹೋಗಿ ನೋಡಿದ್ದೆ, ಮಲಗಿದ್ದರು. ಮೂರು ಗಂಟೆಯ ಹೊತ್ತಿಗೆ ಚಿಕ್ಕ ಸದ್ದು ಶುರುವಾಯಿತು. ಕಿರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್. ಸುಮ್ಮನೆ ಎಣಿಸುತ್ತಿದ್ದೆ, ಹೊಲಿಗೆ ಎಣಿಸುವ ಚಾಳಿ. ಹನ್ನೊಂದು ಸಲ. ಆರನೆಯದೋ ಏಳನೆಯದೋ ಆದಾಗ ನಾನು ಗಟ್ಟಿಯಾಗಿಯೇ, "ಯಾರಿಗೋ ಇವತ್ತು ಹಲ್ಲುನೋವು ಜೋರಾಗಿದೆ," ಎಂದೆ. ಅವರಿಗೆ ಕೇಳಿಸಲಿ, ನಗಲಿ ಎಂದು. ಅವರಿಗೆ ಕೇಳಿಸಿರುತ್ತದೆ ತಮ್ಮಾ. ಅವರ ಕಿವಿಗೆ ಏನೂ ಆಗಿರಲಿಲ್ಲ.

ಆಮೇಲೆ ಸದ್ದು ನಿಂತಿತು. ಸದ್ಯ, ನೆಮ್ಮದಿ ಎಂದುಕೊಂಡೆ. ಮುಕ್ಕಾಲು ಗಂಟೆ ಬಿಟ್ಟು ಚಹಾ ತೆಗೆದುಕೊಂಡು ಹೋದೆ. ದಿಂಬಿನಿಂದ ಜಾರಿ, ಮಂಚಕ್ಕೂ ಗೋಡೆಗೂ ನಡುವೆ ಮುಖ ಸಿಕ್ಕಿಕೊಂಡಿತ್ತು. ಮಗ್ಗುಲು ತಿರುಗಿಸಿದ್ದರೆ ಸಾಕಿತ್ತು. ನಾವು ದಿನಾ ಆಡುತ್ತಿದ್ದ ಎರಡನೇ ಮಹಡಿ, ಅಷ್ಟೇ. ಡಾಕ್ಟರು ನನ್ನ ಮುಖ ನೋಡದೆ, "ಒಂದರ್ಧ ಗಂಟೆ ಮುಂಚೆ ಯಾರಾದ್ರೂ ನೋಡಿದ್ರೆ..." ಎಂದು ನಿಲ್ಲಿಸಿದರು. ಸ್ವಿಚ್ಚು ಕೈಯಲ್ಲೇ ಇತ್ತು. ಬಿಡಿಸಿಕೊಂಡಾಗ ಹೆಬ್ಬೆರಳ ತುದಿಯಲ್ಲಿ ಅದರ ದುಂಡನೆಯ ಗುರುತು ಒತ್ತಿ ನಿಂತಿತ್ತು.

ಇನ್ನೊಂದು ವಿಷಯ. ಅದು ಬುಧವಾರ. ಬುಧವಾರ ದಂತವೈದ್ಯರು ಬಾಗಿಲು ತೆಗೆಯುವುದಿಲ್ಲ. ಎದುರಿಗೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದಾರೆ. ಎರಡು ತಿಂಗಳು ಅದನ್ನು ನೋಡುತ್ತಲೇ ಮೆಷಿನ್ ತುಳಿದಿದ್ದೇನೆ.

ಹಾಗಾದರೆ ಮಾರ್ಚ್‌ನಲ್ಲಿ "ನಾನು ಕರೆದಿಲ್ಲ" ಎಂದು ಯಾಕೆ ಅಂದರು ಎಂದು ನೀನು ಕೇಳಬಹುದು. ನಾನೂ ಕೇಳಿಕೊಂಡೆ. ನನ್ನ ಕೈಯಲ್ಲಿ ಅರ್ಧ ಹೊಲಿದ ಬಟ್ಟೆ ಇರುತ್ತಿತ್ತು. ಅವರಿಗೆ ನೀರು ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ. ಬಂದು ಒಂದು ಗಳಿಗೆ ಕೂತುಕೋ ಎಂದು ಹೇಳಲು ನಾಚಿಕೆ. ನನ್ನ ಮುಖ ನೋಡಿ, ಬಟ್ಟೆ ನೋಡಿ, ಇಲ್ಲ ಎನ್ನುತ್ತಿದ್ದರು.

ಇದರ ಜೊತೆ ಸ್ವಿಚ್ಚು ಕಳಿಸಿದ್ದೇನೆ. ನೀನು ಬರಬೇಡ, ಸದ್ಯಕ್ಕೆ ಯಾರ ಮುಖವನ್ನೂ ನೋಡಲಾರೆ. ಇದನ್ನು ಬಿಚ್ಚಿ ನೋಡಿ ಒಂದೇ ಒಂದು ಮಾತು ಬರೆ. ಯಾರೂ ಮುಟ್ಟದೆ ಇದು ತಾನಾಗಿ ಸದ್ದು ಮಾಡಬಲ್ಲದೇ?

ಅಕ್ಕ


ಜೂನ್ 20

ಅಕ್ಕಾ,

ಈ ಕಾಗದ ನಿನಗೆ ಬರುವುದಿಲ್ಲ. ಬರೆದು ಮೇಜಿನ ಖಾನೆಯಲ್ಲಿ ಇಡುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಬರೆದಿಡಬೇಕು.

ಸ್ವಿಚ್ಚು ತಾನಾಗಿ ಸದ್ದು ಮಾಡುವುದಿಲ್ಲ. ನಿನ್ನೆಯಿಂದ ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಒಳಗೆ ಎಲ್ಲವೂ ಸ್ವಚ್ಛವಾಗಿದೆ.

ಒಳಗಿನದು ಸರಿಯಿದೆ, ಗುಂಡಿಯೇ ಸರಿಯಿಲ್ಲ. ಫೆಬ್ರವರಿಯಲ್ಲಿ ನಿನಗೆ ಕಳಿಸಿದ್ದು ಯಾರೋ ಬಿಟ್ಟುಹೋದ ಬೆಲ್. ಅದರ ಮೆತ್ತನೆಯ ಗುಂಡಿ ಮುರಿದಿತ್ತು. ಅಂಥದ್ದೇ ಇನ್ನೊಂದು ತರಿಸಲು ಒಂದು ವಾರವಾಗುತ್ತಿತ್ತು. ನಿನಗೆ ಬೇಗ ಕಳಿಸಬೇಕು ಎಂಬ ಅವಸರ. ಒಂದು ಹಳೆಯ ಗೇಟಿನ ಬೆಲ್ಲಿನಿಂದ ಗುಂಡಿ ಕಿತ್ತು ಇದಕ್ಕೆ ಕೂರಿಸಿದೆ. ಮಳೆ ಬಿಸಿಲಿಗೆ ನಿಲ್ಲಲಿ ಎಂದು ಅಂಥವಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿರುತ್ತಾರೆ. ಒತ್ತಿ ನೋಡಿದ್ದೆ. ನನ್ನ ಹೆಬ್ಬೆರಳಿಗೂ ಬಿಗಿ ಅನಿಸಿತ್ತು. ಗಟ್ಟಿಮುಟ್ಟಾದದ್ದು ಎಂದು ಬರೆದು ಕಳಿಸಿದೆ. ಕಾಯಿಲೆಯವರ ಕೈಗೆ ಹೋಗುವ ವಸ್ತು ಎಂಬುದು ಗೊತ್ತಿದ್ದೂ ಕಳಿಸಿದೆ.

ರಿಪೇರಿಗೆ ಬಂದಿರುವ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ಇವತ್ತು ಒತ್ತಿ ನೋಡಿದೆ. ಮಾಮೂಲು ಬೆಲ್ಲಿಗೆ ಇನ್ನೂರು ಗ್ರಾಂ ಭಾರ ಬಿದ್ದರೆ ಸಾಕು. ಇದಕ್ಕೆ ಒಂದು ಕಿಲೋ. ಚಮಚ ಹಿಡಿಯಲಾರದ ಕೈ ಹನ್ನೊಂದು ಸಲ ಒಂದೊಂದು ಕಿಲೋ ಒತ್ತಿದೆ. ಹೆಬ್ಬೆರಳ ಮೇಲೆ ನೀನು ನೋಡಿದ ಗುರುತು ನನ್ನದು. ಆ ಬೆರಳಿಗೆ ಮೂರು ಎಣಿಸುವವರೆಗೆ ಹಿಡಿದುಕೊಳ್ಳಲು ಹೇಳಿದವನೂ ನಾನೇ.

ನೀನು ಕೈ ಸರಿಯಿದೆ ಎಂದು ಬರೆದೆ. ನಾನು ಸ್ವಿಚ್ಚು ಸರಿಯಿದೆ ಎಂದು ಬರೆದೆ. ಇಬ್ಬರಲ್ಲಿ ಒಬ್ಬರಾದರೂ ನಿಜ ಬರೆದಿದ್ದರೆ ಭಾವ ಬದುಕಿರುತ್ತಿದ್ದರು. ಇದನ್ನು ನಿನಗೆ ಹೇಳುವ ಧೈರ್ಯ ನನಗಿಲ್ಲ ಅಕ್ಕಾ. ಹೇಳದಿರುವುದು ನಿನ್ನನ್ನು ಉಳಿಸಲು ಎಂದುಕೊಳ್ಳಲು ನೋಡುತ್ತಿದ್ದೇನೆ. ಹೆದರಿ ಹೇಳುತ್ತಿಲ್ಲ, ಅಷ್ಟೇ.


ಜೂನ್ 21

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಮತ್ತು ಸ್ವಿಚ್ಚು ತಲುಪಿದವು. ಭಾವನ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ, ಕೈ ಓಡುತ್ತಿಲ್ಲ. ನೀನು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ಹೌದು. ಇದು ತಾನಾಗಿ ಸದ್ದು ಮಾಡುತ್ತದೆ. ಬಿಚ್ಚಿ ನೋಡಿದೆ. ಒಳಗೆ ತೇವ ಇಳಿದು ಹಸಿರು ತುಕ್ಕು ಹಿಡಿದಿದೆ. ತುಕ್ಕು ಎರಡು ಕಡೆಯಿಂದ ಬೆಳೆದು ಒಂದನ್ನೊಂದು ತಾಗಿದಾಗ ಯಾರೂ ಒತ್ತದೆಯೇ ಕಿರ್ ಎನ್ನುತ್ತದೆ, ಮತ್ತೆ ಬಿಡುತ್ತದೆ. ಅಂಗಡಿಯಲ್ಲಿದ್ದ ಇನ್ನೊಂದು ಡಬ್ಬಿಗೆ ಹೊಂದಿಸಿ ಮೇಜಿನ ಮೇಲಿಟ್ಟಿದ್ದೆ, ನಿನ್ನೆ ಮಧ್ಯಾಹ್ನದಿಂದ ಸಂಜೆಯೊಳಗೆ ಒಂಬತ್ತು ಸಲ ಹಾಗೆ ಮಾಡಿತು. ದಂತವೈದ್ಯರ ವಿಷಯದಲ್ಲಿ ನಾನು ತಪ್ಪಿದ್ದೆ. ಆದರೆ ಸದ್ದು ಭಾವನದಲ್ಲ ಎಂದದ್ದು ತಪ್ಪಲ್ಲ. ಅವತ್ತಿನ ಹನ್ನೊಂದೂ ತುಕ್ಕಿನದೇ. ಅವರು ನಿದ್ದೆಯಲ್ಲೇ ಹೋಗಿರಬೇಕು, ಒತ್ತಿರಲಿಕ್ಕಿಲ್ಲ. ಮಲಗಿದಾಗಲೂ ಹಿಡಿದುಕೊಂಡೇ ಇರುತ್ತಿದ್ದರಲ್ಲ, ಗುರುತು ಅದರಿಂದ ಆದದ್ದು.

ನೀನು ಯಾವ ತಪ್ಪನ್ನೂ ಮಾಡಿಲ್ಲ. ತಪ್ಪೆಲ್ಲ ಆ ತುಕ್ಕಿನದು.

ನಿನ್ನ ತಮ್ಮ


ಜುಲೈ 1, ಮಂಗಳವಾರ

ಬಿಚ್ಚಪ್ಪ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಸುಳ್ಳು ಬರೆಯುವಾಗ ನಿನ್ನ ಅಕ್ಷರ ದುಂಡಗಾಗುತ್ತದೆ. ಅಪ್ಪನ ಕನ್ನಡಕವನ್ನು ಬೆಕ್ಕು ಒಡೆದುಹಾಕಿತು ಎಂದು ಚೀಟಿ ಬರೆದಿಟ್ಟು ಶಾಲೆಗೆ ಓಡಿದ್ದೆಯಲ್ಲ, ಅದೇ ಅಕ್ಷರ.

ಸ್ವಿಚ್ಚನ್ನು ನಿನಗೆ ಕಳಿಸುವ ಮೊದಲು ಒಂಬತ್ತು ದಿನ ನಾನೇ ಕಾದು ನೋಡಿದ್ದೆ. ಅದನ್ನು ಅವರ ಮಂಚದ ಮೇಲೆ, ಅವರ ಕೈ ಇರುತ್ತಿದ್ದ ಜಾಗದಲ್ಲಿಟ್ಟು, ಮೆಷಿನ್ ಮುಂದೆ ಡಬ್ಬಿ ನೋಡುತ್ತಾ ಕೂತಿದ್ದೆ. ಹೊಲಿಯಲಿಲ್ಲ, ಏನೂ ಮಾಡಲಿಲ್ಲ. ಒಂದೇ ಒಂದು ಸಲ ಅದು ತಾನಾಗಿ ಕಿರ್ ಎಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂಬತ್ತು ದಿನದಲ್ಲಿ ಒಂದು ಸಲವೂ ಅನ್ನಲಿಲ್ಲ. ಆದರೂ ನಿನಗೆ ಬರೆದು ಕೇಳಿದೆ. ಯಾರಾದರೂ ಒಬ್ಬರು ಹೌದು ಎನ್ನಲಿ ಎಂದು ಕೇಳಿದೆ. ನೀನು ಅಂದೆ. ಸಾಕು.

ನಿನಗೆ ಒಂದು ಮಾತು ಹೇಳಿಬಿಡುತ್ತೇನೆ, ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ. ನೀನು ಮಾಡಿಕೊಟ್ಟ ವಸ್ತುವಿನಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಅವರು ಒತ್ತಿದಾಗೆಲ್ಲ ಅದು ನನ್ನನ್ನು ಕರೆಯಿತು, ಹನ್ನೊಂದು ಸಲವೂ ಕರೆಯಿತು. ಅದು ತನ್ನ ಕೆಲಸ ಮಾಡಿತು. ಕೂತಿದ್ದವಳು ನಾನು. ನನಗೋಸ್ಕರ ನಿನ್ನ ಕೈಕೆಲಸಕ್ಕೆ ನೀನೇ ಮಸಿ ಬಳಿದುಕೊಂಡೆಯಲ್ಲ, ಅದು ನನಗೆ ಸಹಿಸಲು ಆಗಲಿಲ್ಲ. ಮುಂದೆ ಯಾರ ಹತ್ತಿರವೂ ಹಾಗೆ ಹೇಳಬೇಡ. ಅಂಗಡಿ ಚೆನ್ನಾಗಿ ನಡೆಸು.

ಸ್ವಿಚ್ಚು ವಾಪಸು ಕಳಿಸು. ಡಬ್ಬಿ ಇನ್ನೂ ಗೋಡೆಯ ಮೇಲೆಯೇ ಇದೆ, ಸೆಲ್ ತೆಗೆದಿಲ್ಲ. ನೀನು ಅಲ್ಲಿ ಅದನ್ನು ಬಿಚ್ಚಿ ಒತ್ತಿ ನೋಡುತ್ತಿರಬಹುದು ಎಂದು ಆ ವಾರ ಪೂರ್ತಿ ಮೆಷಿನ್ ತುಳಿಯುವುದನ್ನು ನಡುನಡುವೆ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಅಷ್ಟು ದೂರಕ್ಕೆ ಕೇಳುವುದಿಲ್ಲ ಎಂದು ನನಗೂ ಗೊತ್ತು. ಚೀಟಿ ಹರಿದುಹಾಕಿದ್ದೇನೆ. ಈಗ ಎಷ್ಟು ಚಿಕ್ಕ ಸದ್ದಾದರೂ ಏಳುತ್ತೇನೆ.

ಅಕ್ಕ